ತೆರಿಗೆ ಕಲಿಸುವ, ಬರೆಯುವ ವೃತ್ತಿ: ಕಾನೂನು ಕಾಲೇಜೋ, ಕಾಮರ್ಸ್ ವಿಭಾಗವೋ, ಸಿಎ ಕೋಚಿಂಗೋ, ನೀತಿ ಸಂಶೋಧನೆಯೋ?

ಯಾವ ಖರೀದಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ ಎಂದು ಹೇಳುವುದು ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5). ಕಟ್ಟಡ ಕಟ್ಟುವ ಖರ್ಚಿಗೆ ಕ್ರೆಡಿಟ್ ತಡೆದು, ಆ ತಡೆಯಿಂದ ಯಾವುದು ಹೊರಗೆ ಎಂದು ಹೇಳುವಾಗ ಅದರ ‘ಸಿ’ ಖಂಡದಲ್ಲಿ ‘ಪ್ಲಾಂಟ್ ಆ್ಯಂಡ್ ಮೆಷಿನರಿ’ ಎಂದಿತ್ತು, ಕೆಳಗಿನ ‘ಡಿ’ ಖಂಡದಲ್ಲಿ ‘ಪ್ಲಾಂಟ್ ಆರ್ ಮೆಷಿನರಿ’ ಎಂದಿತ್ತು. ಈ ಒಂದು ‘ಆರ್’ ಹಿಡಿದುಕೊಂಡೇ ಭುವನೇಶ್ವರದಲ್ಲಿ ಮಾಲ್ ಕಟ್ಟಿ ಬಾಡಿಗೆಗೆ ಕೊಟ್ಟ ಸಫಾರಿ ರಿಟ್ರೀಟ್ಸ್ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಎರಡು ಪದಗುಚ್ಛಗಳಿಗೆ ಒಂದೇ ಅರ್ಥ ಹಚ್ಚಲಾಗದು, ಬಾಡಿಗೆ ವ್ಯವಹಾರದಲ್ಲಿ ಕಟ್ಟಡವೇ ಪ್ಲಾಂಟ್‌ನಂತೆ, ಎಂದರೆ ವ್ಯವಹಾರ ನಡೆಸುವ ಸಾಧನದಂತೆ, ಕೆಲಸ ಮಾಡುತ್ತಿದೆಯೇ ಎಂಬುದನ್ನು ಆಯಾ ಪ್ರಕರಣದ ಸಂಗತಿ ನೋಡಿಯೇ ತೀರ್ಮಾನಿಸಬೇಕು ಎಂದು 2024ರ ಅಕ್ಟೋಬರ್ 3ರಂದು ಕೋರ್ಟ್ ಹೇಳಿತು. ಕೆಲವೇ ತಿಂಗಳಲ್ಲಿ 2025ರ ಹಣಕಾಸು ಕಾಯ್ದೆ ಆ ‘ಆರ್’ ತೆಗೆದು ‘ಆ್ಯಂಡ್’ ಹಾಕಿತು, ಅದೂ 2017ರ ಜುಲೈ 1ರಿಂದ ಪೂರ್ವಾನ್ವಯವಾಗುವಂತೆ.

ತೆರಿಗೆಯನ್ನು ಕಲಿಸುತ್ತಾ ಬರೆಯುತ್ತಾ ಬದುಕಬೇಕು ಎಂದುಕೊಂಡವರು ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುವ ಮೊದಲು ಈ ಒಂದು ಪದದ ಮುಂದೆ ಕುಳಿತು ನೋಡುವುದು ಒಳ್ಳೆಯದು. ಕಾನೂನು ಕಾಲೇಜಿನ ತರಗತಿಯಲ್ಲಿ ಏಳುವ ಪ್ರಶ್ನೆ: ಶಾಸಕಾಂಗ ಬೇಕೆಂದೇ ‘ಆರ್’ ಬಳಸಿತೋ, ಕರಡು ಬರೆದವರ ಕೈತಪ್ಪೋ? ಕೋರ್ಟು ಕೊಟ್ಟ ಅರ್ಥವನ್ನು ಹಿಂದಿನ ದಿನಾಂಕದಿಂದ ಅಳಿಸುವುದಕ್ಕೆ ಮಿತಿ ಎಲ್ಲಿ? ಕಾಮರ್ಸ್ ತರಗತಿಯಲ್ಲಿ ಕೇಳುವುದು ಲೆಕ್ಕ: ಕಟ್ಟಡದ ಖರ್ಚಿನ ಮೇಲೆ 18 ಕೋಟಿ ಜಿಎಸ್‌ಟಿ ಕಟ್ಟಿದ್ದರೆ, ತಿಂಗಳಿಗೆ 1 ಕೋಟಿ ಬಾಡಿಗೆಯ ಮೇಲಿನ ತೆರಿಗೆ 18 ಲಕ್ಷವಾದರೆ, ಕ್ರೆಡಿಟ್ ಸಿಕ್ಕಿದ್ದಲ್ಲಿ 100 ತಿಂಗಳು ನಗದು ಕಟ್ಟಬೇಕಿರಲಿಲ್ಲ, ಈಗ ಮೊದಲ ತಿಂಗಳಿಂದಲೇ ಕಟ್ಟಬೇಕು. ಸಿಎ ಕೋಚಿಂಗ್‌ನಲ್ಲಿ ವಿದ್ಯಾರ್ಥಿ ಕೈ ಎತ್ತಿ ಕೇಳುವುದು ‘ಸರ್, ನಮ್ಮ ಅಟೆಂಪ್ಟ್‌ಗೆ ಈ ಅಮೆಂಡ್‌ಮೆಂಟ್ ಅಪ್ಲಿಕೇಬಲ್ಲಾ?’ ನೀತಿ ಸಂಶೋಧಕರ ಮೇಜಿನ ಮೇಲಿರುವ ಪ್ರಶ್ನೆ ಇನ್ನೊಂದು: ತೆರಿಗೆಯ ಮೇಲೆ ತೆರಿಗೆ ಬೀಳದಿರಲೆಂದೇ ತಂದ ವ್ಯವಸ್ಥೆಯಲ್ಲಿ ಕಟ್ಟಡಕ್ಕೆ ಮಾತ್ರ ಯಾಕೆ ತಡೆ, ಆ ಹೊರೆ ಕೊನೆಗೆ ಅಂಗಡಿಯ ಬಾಡಿಗೆಯಲ್ಲಿ ಯಾರ ತಲೆಗೆ ಹೋಗುತ್ತದೆ?

ಇವುಗಳಲ್ಲಿ ಯಾವ ಪ್ರಶ್ನೆ ನಿಮ್ಮನ್ನು ಊಟ ಮರೆಸಿ ಕೂರಿಸುತ್ತದೆಯೋ ಆ ದಾರಿಯೇ ನಿಮಗೆ ಹೊಂದುವುದು. ಸಂಬಳ, ಹುದ್ದೆಯ ಹೆಸರು, ಊರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಆದರೆ ಇಪ್ಪತ್ತು ವರ್ಷ ದಿನವೂ ಎದುರಾಗುವುದು ಆ ಪ್ರಶ್ನೆಯೇ. ತಪ್ಪು ದಾರಿ ಹಿಡಿದವರು ಬಳಲುವುದು ಹೆಚ್ಚಾಗಿ ಕಡಿಮೆ ಸಂಬಳದಿಂದಲ್ಲ, ತಮಗೆ ಆಸಕ್ತಿಯಿಲ್ಲದ ಪ್ರಶ್ನೆಗೆ ಜೀವಮಾನವಿಡೀ ಉತ್ತರ ಬರೆಯಬೇಕಾಗಿ ಬಂದದ್ದರಿಂದ.

ನೆಟ್ ಪರೀಕ್ಷೆಯಲ್ಲೇ ದಾರಿ ಕವಲೊಡೆಯುತ್ತದೆ

ಕಾಲೇಜು, ವಿಶ್ವವಿದ್ಯಾಲಯಗಳ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ (ಮೀಸಲಾತಿ ಇರುವವರಿಗೆ ಶೇ 50), ಜೊತೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯಮಟ್ಟದ್ದು) ಬೇಕು. ನಿಯಮದಂತೆ ಪಡೆದ ಪಿಎಚ್‌ಡಿ ಇದ್ದರೆ ನೆಟ್‌ನಿಂದ ವಿನಾಯಿತಿ ಇದೆ. ವಿಶ್ವವಿದ್ಯಾಲಯದ ನೇಮಕಾತಿಗೆ ಪಿಎಚ್‌ಡಿ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ಜುಲೈ 1ರಿಂದ ಕೈಬಿಟ್ಟಿತು. ಕೆ-ಸೆಟ್ ಅರ್ಹತೆ ನಡೆಯುವುದು ಕರ್ನಾಟಕದೊಳಗೆ ಮಾತ್ರ. ಹೈದರಾಬಾದಿಗೋ ದೆಹಲಿಗೋ ಅರ್ಜಿ ಹಾಕುವ ಯೋಚನೆಯಿದ್ದರೆ ನೆಟ್ಟೇ ಬೇಕು.

ಬಹಳ ಜನ ಎಡವುವುದು ಇಲ್ಲಿ. ನೆಟ್‌ನ ಕಾನೂನು ವಿಷಯದ ಪಠ್ಯಕ್ರಮದಲ್ಲಿ ಹತ್ತು ಘಟಕಗಳಿವೆ: ನ್ಯಾಯಶಾಸ್ತ್ರ, ಸಂವಿಧಾನ ಮತ್ತು ಆಡಳಿತ ಕಾನೂನು, ಅಂತರರಾಷ್ಟ್ರೀಯ ಕಾನೂನು, ಅಪರಾಧ, ಟಾರ್ಟ್ (ಪರಿಹಾರ ಕೊಡಬೇಕಾದ ಸಿವಿಲ್ ತಪ್ಪು) ಮತ್ತು ಗ್ರಾಹಕ ರಕ್ಷಣೆ, ವಾಣಿಜ್ಯ ಕಾನೂನು, ಕೌಟುಂಬಿಕ ಕಾನೂನು, ಪರಿಸರ ಮತ್ತು ಮಾನವ ಹಕ್ಕು, ಬೌದ್ಧಿಕ ಆಸ್ತಿ ಮತ್ತು ಐಟಿ, ತುಲನಾತ್ಮಕ ಸಾರ್ವಜನಿಕ ಕಾನೂನು. ತೆರಿಗೆಗೆ ಒಂದು ಘಟಕವೂ ಇಲ್ಲ. ಅದೇ ಕಾಮರ್ಸ್ ನೆಟ್‌ನ ಹತ್ತನೇ ಘಟಕ ಪೂರ್ತಿ ಆದಾಯ ತೆರಿಗೆ ಮತ್ತು ಕಾರ್ಪೊರೇಟ್ ತೆರಿಗೆ ಯೋಜನೆಗೆ ಮೀಸಲು. ಅರ್ಥಶಾಸ್ತ್ರದ ನೆಟ್‌ನಲ್ಲಿ ಸಾರ್ವಜನಿಕ ಅರ್ಥಶಾಸ್ತ್ರ ಒಂದು ಘಟಕ. ಎಂದರೆ, ಎಲ್‌ಎಲ್‌ಎಂ ಮಾಡಿ ತೆರಿಗೆ ಕಲಿಸಬೇಕೆನ್ನುವವರು ತೆರಿಗೆಯನ್ನು ಪಕ್ಕಕ್ಕಿಟ್ಟು ಒಂದು ವರ್ಷ ಉಳಿದೆಲ್ಲ ಕಾನೂನು ಓದಬೇಕು. ಇದನ್ನು ಮೊದಲೇ ತಿಳಿದು ಓದಿನ ವೇಳಾಪಟ್ಟಿ ಹಾಕಿಕೊಂಡವರಿಗೆ ಕಷ್ಟವಿಲ್ಲ. ‘ನನಗೆ ತೆರಿಗೆ ಚೆನ್ನಾಗಿ ಗೊತ್ತು, ಎರಡನೇ ಪತ್ರಿಕೆ ಸಲೀಸು’ ಎಂದುಕೊಂಡು ಹೋದವರು 200 ಅಂಕದ ಆ ವಿಷಯ ಪತ್ರಿಕೆಯಲ್ಲಿ ಕೌಟುಂಬಿಕ ಕಾನೂನು, ಟಾರ್ಟ್‌ಗಳ ಎದುರು ಸೋಲುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಸಿಎ ಆದವರಿಗೂ ಈ ಬಾಗಿಲು ತೆರೆದಿದೆ. ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಐಸಿಡಬ್ಲ್ಯುಎ (ಕಾಸ್ಟ್ ಅಕೌಂಟೆಂಟ್) ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು 2021ರಲ್ಲಿ ಯುಜಿಸಿ ಒಪ್ಪಿತು. ಎಂ.ಕಾಂ ಇಲ್ಲದ ಸಿಎ ಕಾಮರ್ಸ್ ನೆಟ್ ಬರೆಯಬಹುದು.

ಕಾನೂನು ಕಾಲೇಜು

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ತೆರಿಗೆ ಕಾನೂನಿನ ತತ್ತ್ವಗಳು ಎಲ್‌ಎಲ್‌ಬಿಯ ಕಡ್ಡಾಯ ಪತ್ರಿಕೆಗಳಲ್ಲೊಂದು. ಹಾಗಾಗಿ ಪ್ರತಿ ಕಾನೂನು ಕಾಲೇಜಿಗೂ ತೆರಿಗೆ ಕಲಿಸುವವರು ಬೇಕು. ಆದರೆ ಒಂದು ಪತ್ರಿಕೆ, ವಾರಕ್ಕೆ ನಾಲ್ಕೈದು ತರಗತಿ, ಅಷ್ಟೇ. ಅಸಿಸ್ಟೆಂಟ್ ಪ್ರೊಫೆಸರ್ ವಾರಕ್ಕೆ 16 ಗಂಟೆ ನೇರ ಬೋಧನೆ ಮಾಡಬೇಕೆನ್ನುತ್ತದೆ ಯುಜಿಸಿ. ಉಳಿದ ಹನ್ನೊಂದು ಹನ್ನೆರಡು ಗಂಟೆ ನೀವು ಕಂಪನಿ ಕಾನೂನೋ, ಕರಾರು ಕಾನೂನೋ, ಕೆಲವೊಮ್ಮೆ ಸಾಕ್ಷ್ಯ ಕಾನೂನೋ ತೆಗೆದುಕೊಳ್ಳಬೇಕಾಗುತ್ತದೆ. ಸಂದರ್ಶನದಲ್ಲಿ ‘ತೆರಿಗೆ ಬಿಟ್ಟು ಇನ್ಯಾವ ಎರಡು ವಿಷಯ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿಯೇ ಕೇಳುತ್ತಾರೆ. ಸಂವಿಧಾನ ಮತ್ತು ಕಂಪನಿ ಕಾನೂನು ಎಂಬುದು ತೆರಿಗೆಯೊಂದಿಗೆ ಚೆನ್ನಾಗಿ ಕೂಡುವ ಉತ್ತರ.

ಈ ದಾರಿಯ ದೊಡ್ಡ ಲಾಭ ನಿಮ್ಮ ಟಿಪ್ಪಣಿ ಬೇಗ ಹಳಸುವುದಿಲ್ಲ ಎನ್ನುವುದು. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎನ್ನುವ 265ನೇ ವಿಧಿ, ಕೇಂದ್ರ–ರಾಜ್ಯಗಳ ಅಧಿಕಾರ ಹಂಚುವ ಏಳನೇ ಅನುಸೂಚಿಯ ಪಟ್ಟಿಗಳು, 2016ರಲ್ಲಿ 101ನೇ ತಿದ್ದುಪಡಿಯಿಂದ ಬಂದ 246ಎ (ಜಿಎಸ್‌ಟಿ ವಿಧಿಸುವ ಅಧಿಕಾರ) ಮತ್ತು 279ಎ (ಜಿಎಸ್‌ಟಿ ಮಂಡಳಿ) ವಿಧಿಗಳು, ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸ ಇವೆಲ್ಲ ಬಜೆಟ್‌ ಬಂದಾಗಲೆಲ್ಲ ಬದಲಾಗುವಂಥವಲ್ಲ. ತೆರಿಗೆ ತಪ್ಪಿಸುವ ತಂತ್ರಗಳ ಬಗ್ಗೆ 1985ರ ಮೆಕ್‌ಡೊವೆಲ್, 2003ರ ಆಜಾದಿ ಬಚಾವೋ ಆಂದೋಲನ್, 2012ರ ವೊಡಾಫೋನ್ ತೀರ್ಪುಗಳನ್ನು ಸಾಲಾಗಿ ಇಟ್ಟು, ವೊಡಾಫೋನ್ ತೀರ್ಪನ್ನು ಮೀರಲು ಅದೇ ವರ್ಷ ಬಂದ ಪೂರ್ವಾನ್ವಯ ತಿದ್ದುಪಡಿ, 2021ರಲ್ಲಿ ಅದನ್ನು ಹಿಂತೆಗೆದುಕೊಂಡ ಕಾಯ್ದೆ ಸೇರಿಸಿದರೆ ನಾಲ್ಕು ವಾರದ ಪಾಠ ಸಿದ್ಧ. ಅದಕ್ಕೆ ಸಫಾರಿ ರಿಟ್ರೀಟ್ಸ್ ಜೋಡಿಸಿದರೆ ವಿದ್ಯಾರ್ಥಿಗಳೇ ಚರ್ಚೆಗೆ ಇಳಿಯುತ್ತಾರೆ. ಜಿಎಸ್‌ಟಿ ಮಂಡಳಿಯ ಶಿಫಾರಸು ಶಾಸಕಾಂಗಗಳನ್ನು ಕಟ್ಟಿಹಾಕುವುದಿಲ್ಲ ಎಂದ 2022ರ ಮೋಹಿತ್ ಮಿನರಲ್ಸ್ ತೀರ್ಪು ಒಕ್ಕೂಟ ವ್ಯವಸ್ಥೆಯ ಪಾಠವೂ ಹೌದು.

ಕೊರತೆಯೂ ಅಷ್ಟೇ ಸ್ಪಷ್ಟ. ಕಾನೂನು ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಜನ ಲೆಕ್ಕಕ್ಕೆ ಹೆದರಿ ಬಂದವರು. ಸವಕಳಿ, ಬಂಡವಾಳ ಲಾಭ ಎಂದೊಡನೆ ಮುಖ ಬಾಡುತ್ತದೆ. ತೆರಿಗೆ ಕಲಿಸುವವರೂ ಲೆಕ್ಕಪತ್ರ ಓದಿರದಿದ್ದರೆ ಪಾಠ ಬರೀ ತೀರ್ಪುಗಳ ಹೆಸರಿನ ಪಟ್ಟಿಯಾಗಿ ಉಳಿಯುತ್ತದೆ. ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ಮತ್ತು ತೆರಿಗೆ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಓದುವಷ್ಟು ಲೆಕ್ಕಶಾಸ್ತ್ರವನ್ನು ಎಲ್‌ಎಲ್‌ಎಂ ಸಮಯದಲ್ಲೇ ಕಲಿತುಬಿಡಬೇಕು; ಆರು ತಿಂಗಳ ಶ್ರದ್ಧೆ ಸಾಕು. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಕನ್ನಡದಲ್ಲೂ ಉತ್ತರ ಬರೆಯಬಹುದು. ಹೀಗಿದ್ದೂ ಕನ್ನಡದಲ್ಲಿ ತೆರಿಗೆ ಕಾನೂನಿನ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಬರೆಯುವ ಆಸೆಯಿರುವ ಬೋಧಕರಿಗೆ ಇದಕ್ಕಿಂತ ಒಳ್ಳೆಯ ಖಾಲಿ ಜಾಗ ಬೇರೆಲ್ಲೂ ಇಲ್ಲ.

ಪೂರ್ಣಾವಧಿ ಹುದ್ದೆ ಹಿಡಿದರೆ ವಕೀಲಿಕೆ ನಿಲ್ಲಿಸಬೇಕು. ಅದರ ಬದಲು ವಕೀಲಿಕೆ ಇಟ್ಟುಕೊಂಡೇ ಕಲಿಸುವುದಾದರೆ, ವಕೀಲರು ಕಾನೂನು ಪಾಠ ಮಾಡುವುದರ ಕುರಿತ 1979ರ ನಿಯಮದ ಪ್ರಕಾರ ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಮಾಡಬಹುದು. ಬೆಳಗಿನ ಕಾಲೇಜುಗಳಲ್ಲಿ ಪಾಠ ಮಾಡಿ ಹತ್ತೂವರೆಗೆ ಕೋರ್ಟು, ಟ್ರಿಬ್ಯೂನಲ್ಲಿಗೆ ಹೋಗುವವರು ಈ ನಿಯಮದ ಅಡಿಯಲ್ಲೇ ಹೋಗುತ್ತಾರೆ.

ಕಾಮರ್ಸ್ ವಿಭಾಗ

ಹುದ್ದೆಗಳ ಸಂಖ್ಯೆ ನೋಡಿದರೆ ಇದೇ ಅಗಲವಾದ ದಾರಿ. ಬಿ.ಕಾಂ ಇರುವ ಕಾಲೇಜಿಲ್ಲದ ತಾಲ್ಲೂಕು ವಿರಳ, ಆದಾಯ ತೆರಿಗೆ ಪತ್ರಿಕೆ ಇಲ್ಲದ ಬಿ.ಕಾಂ ಇಲ್ಲ. ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲವೇತನ ಆರಂಭವಾಗುವುದು 57,700 ರೂಪಾಯಿಗೆ. ಆದರೆ ಆ ಶ್ರೇಣಿ ಕಾಯಂ ಹುದ್ದೆಗೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಕಾಯಂ ನೇಮಕಾತಿ ಅಪರೂಪಕ್ಕೊಮ್ಮೆ ಬರುತ್ತದೆ. 2021ರಲ್ಲಿ 1,242 ಹುದ್ದೆಗಳಿಗೆ ಅರ್ಜಿ ಕರೆದರು. ನಡುವಿನ ವರ್ಷಗಳನ್ನು ಅತಿಥಿ ಉಪನ್ಯಾಸಕರೇ ಎಳೆಯುತ್ತಾರೆ. ಈ ದಾರಿಗೆ ಬರುವವರು ಅತಿಥಿ ಉಪನ್ಯಾಸದ ಆದಾಯದಲ್ಲಿ ಎಷ್ಟು ವರ್ಷ ತಡೆಯಬಲ್ಲೆವು ಎಂದು ಮನೆಯವರೊಂದಿಗೆ ಕೂತು ಮೊದಲೇ ಲೆಕ್ಕ ಹಾಕಬೇಕು. ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳದೇ ಇರುವುದರಿಂದ ಎಷ್ಟೋ ಪ್ರತಿಭಾವಂತರು ಮೂವತ್ತೈದರ ಹೊತ್ತಿಗೆ ದಣಿದುಹೋಗುತ್ತಾರೆ.

ಪಾಠದ ಜೀವ ಇರುವುದು ಲೆಕ್ಕದಲ್ಲಿ. ಉದಾಹರಣೆಗೆ 2025–26ನೇ ಸಾಲಿನ ಹೊಸ ಪದ್ಧತಿ: 4 ಲಕ್ಷದವರೆಗೆ ತೆರಿಗೆಯಿಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15. ಒಟ್ಟು ಆದಾಯ 12 ಲಕ್ಷ ಇದ್ದರೆ ತೆರಿಗೆ 60,000 ಬರುತ್ತದೆ, ಅಷ್ಟೂ ರಿಬೇಟ್‌ನಲ್ಲಿ (ಲೆಕ್ಕ ಹಾಕಿದ ತೆರಿಗೆಯಲ್ಲೇ ಸಿಗುವ ರಿಯಾಯಿತಿ) ಹೋಗುತ್ತದೆ. 12,10,000 ಇದ್ದರೆ? ಪುಸ್ತಕದ ಲೆಕ್ಕದಂತೆ 61,500. ಹತ್ತು ಸಾವಿರ ಹೆಚ್ಚು ಗಳಿಸಿದ್ದಕ್ಕೆ ಅರವತ್ತೊಂದೂವರೆ ಸಾವಿರ ಕೊಡುವುದು ಅನ್ಯಾಯವಾದ್ದರಿಂದ ಮಾರ್ಜಿನಲ್ ರಿಲೀಫ್ ಬಂದು ತೆರಿಗೆ 10,000ಕ್ಕೆ ಇಳಿಯುತ್ತದೆ. ಶೇ 4 ಸೆಸ್ ಸೇರಿ 10,400. ಈ ರಿಲೀಫ್ ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಎಂದು ವಿದ್ಯಾರ್ಥಿಗಳಿಂದಲೇ ಬಿಡಿಸಬೇಕು. 12 ಲಕ್ಷದ ಮೇಲಿನ ಮೊತ್ತ ‘ಎಕ್ಸ್’ ಎಂದಿಟ್ಟರೆ 60,000 + 0.15 ಎಕ್ಸ್ = ಎಕ್ಸ್; ಉತ್ತರ ಸುಮಾರು 70,588. ಬೋರ್ಡಿನ ಮೇಲೆ ಈ ಸಮೀಕರಣ ಬಿಡಿಸಿದ ದಿನ ತೆರಿಗೆ ಎಂದರೆ ಬಾಯಿಪಾಠ ಎಂಬ ಭಾವನೆ ಹೋಗುತ್ತದೆ.

ಕಾಮರ್ಸ್ ಬೋಧಕರು ಮಾಡುವ ದೊಡ್ಡ ತಪ್ಪು ಎಂದರೆ ಹಳೆಯ ಆವೃತ್ತಿಯ ಪುಸ್ತಕದ ಲೆಕ್ಕಗಳನ್ನೇ ವರ್ಷ ಬದಲಿಸಿ ಕೊಡುವುದು. ದರ ತಿದ್ದಿರುತ್ತಾರೆ, ಷರತ್ತು ತಿದ್ದಿರುವುದಿಲ್ಲ. ಶೇರು ಮಾರಾಟದ ಅಲ್ಪಾವಧಿ ಲಾಭದಂಥ ವಿಶೇಷ ದರದ ಆದಾಯದ ಮೇಲಿನ ತೆರಿಗೆಗೆ ಆ 60,000ದ ರಿಬೇಟ್ ಸಿಗುವುದಿಲ್ಲ ಎಂಬುದನ್ನು ಬಿಟ್ಟುಬಿಟ್ಟ ಲೆಕ್ಕ ನೋಡಲು ಸರಿಯಾಗಿಯೇ ಕಾಣುತ್ತದೆ, ಉತ್ತರ ಮಾತ್ರ ತಪ್ಪು.

ಸಿಎ ಕೋಚಿಂಗ್

ಸಿಎ ಇಂಟರ್‌ನ ಮೂರನೇ ಪತ್ರಿಕೆ ತೆರಿಗೆ: ಆದಾಯ ತೆರಿಗೆಗೆ 50, ಜಿಎಸ್‌ಟಿಗೆ 50 ಅಂಕ. ಫೈನಲ್‌ನಲ್ಲಿ ನಾಲ್ಕನೆಯದು ನೇರ ತೆರಿಗೆ ಮತ್ತು ಅಂತರರಾಷ್ಟ್ರೀಯ ತೆರಿಗೆ, ಐದನೆಯದು ಪರೋಕ್ಷ ತೆರಿಗೆ. ಇಲ್ಲಿ ನೆಟ್ ಬೇಡ, ಪಿಎಚ್‌ಡಿ ಬೇಡ. ನೀವೇ ಒಳ್ಳೆಯ ಅಂಕದೊಂದಿಗೆ ಸಿಎ ಪಾಸಾಗಿರಬೇಕು, ಧ್ವನಿ ಗಟ್ಟಿಯಿರಬೇಕು, ಫಲಿತಾಂಶ ಬರಬೇಕು. ಹಣ ನಾಲ್ಕೂ ದಾರಿಗಳಲ್ಲಿ ಬೇಗ ಮತ್ತು ಹೆಚ್ಚು ಬರುವುದು ಇಲ್ಲೇ, ಕೈಬಿಟ್ಟು ಹೋಗುವುದೂ ಇಲ್ಲೇ ಬೇಗ. ಎರಡು ಬ್ಯಾಚ್‌ನ ಫಲಿತಾಂಶ ಕುಸಿದರೆ ಮೂರನೆಯದು ಬೇರೆ ಹೆಸರಿನ ಬಳಿ ಹೋಗುತ್ತದೆ.

ಇಲ್ಲಿನ ಬರವಣಿಗೆ ಎಂದರೆ ನೋಟ್ಸ್, ಪ್ರಶ್ನೆ ಬ್ಯಾಂಕು, ರಿವಿಷನ್ ಚಾರ್ಟು. ಅದರ ಆಯಸ್ಸು ಆರು ತಿಂಗಳು, ಹೆಚ್ಚೆಂದರೆ ವರ್ಷ. 2025ರಲ್ಲಿ ಫೈನಲ್ ಕೂಡ ವರ್ಷಕ್ಕೆ ಮೂರು ಬಾರಿ ನಡೆಯುವ ಕ್ರಮ ಬಂದ ಮೇಲೆ ಒಂದು ರೆಕಾರ್ಡಿಂಗ್‌ನ ಮೇಲೆ ಮೂರು ಬಗೆಯ ತಿದ್ದುಪಡಿ ಪಟ್ಟಿ ನೇತುಹಾಕುವ ಪರಿಸ್ಥಿತಿ ಬಂದಿದೆ. ಯಾವ ಪರೀಕ್ಷೆಗೆ ಯಾವ ಹಣಕಾಸು ಕಾಯ್ದೆ, ಯಾವ ಅಧಿಸೂಚನೆ ಅನ್ವಯ ಎಂದು ಇನ್‌ಸ್ಟಿಟ್ಯೂಟ್ (ಸಿಎ ಪರೀಕ್ಷೆ ನಡೆಸುವ ಐಸಿಎಐ) ಪ್ರಕಟಿಸುವ ಪುಟವನ್ನು ಮುದ್ರಿಸಿ ಪ್ರತಿ ಅಧ್ಯಾಯದ ಮೊದಲ ಹಾಳೆಗೆ ಅಂಟಿಸುವುದು ಇಲ್ಲಿ ಮುಖ್ಯ ಶಿಸ್ತು. ವಿಡಿಯೊ ಪಾಠವನ್ನು ಎರಡು ಪದರದಲ್ಲಿ ಚಿತ್ರೀಕರಿಸಿಕೊಳ್ಳಿ: ಪರಿಕಲ್ಪನೆಯ ಭಾಗ ಒಂದು, ದರ–ಮಿತಿ–ದಿನಾಂಕದ ಭಾಗ ಇನ್ನೊಂದು. ಬಜೆಟ್ ಬಂದಾಗ ಎರಡನೆಯದನ್ನು ಮಾತ್ರ ಮತ್ತೆ ಮಾಡಿದರಾಯಿತು. ಎರಡನ್ನೂ ಕಲಸಿದವರು ಪ್ರತಿ ವರ್ಷ ಇನ್ನೂರು ಗಂಟೆಯ ಪಾಠ ಮತ್ತೆ ಹೇಳುತ್ತಾರೆ, ಇಲ್ಲವೇ ಹಳೆಯದನ್ನೇ ಮಾರುತ್ತಾರೆ. ಹಾಗೆ ಹಳೆಯದನ್ನು ಮಾರುವುದು ವಿದ್ಯಾರ್ಥಿಗೆ ಮಾಡುವ ದ್ರೋಹ.

ಸಿಎ ಆಗಿ ಪ್ರಾಕ್ಟೀಸ್ ಇಟ್ಟುಕೊಂಡಿರುವವರಿಗೆ ಖಾಸಗಿ ಪಾಠಕ್ಕೂ ಪುಸ್ತಕ, ಲೇಖನ ಬರೆಯುವುದಕ್ಕೂ ಇನ್‌ಸ್ಟಿಟ್ಯೂಟ್‌ನ ಸಾಮಾನ್ಯ ಅನುಮತಿ ಇದೆ. ಕಾಲೇಜಿನ ಉಪನ್ಯಾಸಕ ಹುದ್ದೆಗೆ ಪ್ರತ್ಯೇಕ ಅನುಮತಿ ಪಡೆಯಬೇಕು. ಆಡಿಟ್ ಸಹಿ ಮಾಡುವ ಹಕ್ಕು ಉಳಿಯಬೇಕಾದರೆ ನೇರ ಬೋಧನೆ ವಾರಕ್ಕೆ 25 ಗಂಟೆ ಮೀರಬಾರದು. ಇನ್ನೊಂದು ಮಾತು: ಮಾನ್ಯತೆ ಪಡೆದ ಪದವಿಯ ಪಾಠಕ್ಕೆ ಜಿಎಸ್‌ಟಿ ವಿನಾಯಿತಿ ಇದ್ದರೂ ಖಾಸಗಿ ಕೋಚಿಂಗ್‌ಗೆ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಿ ಶೇ 18 ವಸೂಲು ಮಾಡಬೇಕು. ಶುಲ್ಕ ನಿಗದಿ ಮಾಡುವಾಗಲೇ ಇದನ್ನು ಸೇರಿಸಿ ಹೇಳದಿದ್ದರೆ ನಂತರ ಕೈಯಿಂದ ಕಟ್ಟಬೇಕಾಗುತ್ತದೆ.

ನೀತಿ ಸಂಶೋಧನೆ

ಬೆಂಗಳೂರಿನಲ್ಲಿ 1972ರಿಂದ ಇರುವ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ), ದೆಹಲಿಯಲ್ಲಿ 1976ರಿಂದ ಇರುವ ಎನ್‌ಐಪಿಎಫ್‌ಪಿ (ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆ) ಈ ದಾರಿಯ ದೊಡ್ಡ ಮನೆಗಳು. ಎರಡನ್ನೂ ಮುನ್ನಡೆಸಿ, ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವ ಹಣಕಾಸು ಆಯೋಗದ (ಹದಿನಾಲ್ಕನೆಯದು) ಸದಸ್ಯರೂ ಆದ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಬದುಕು ಈ ದಾರಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ತೋರಿಸುತ್ತದೆ. ಕಾನೂನು ನೀತಿ, ಸಾರ್ವಜನಿಕ ನೀತಿಯ ಚಿಕ್ಕ ಸಂಸ್ಥೆಗಳೂ ಬೆಂಗಳೂರಿನಲ್ಲಿ ಹಲವಿವೆ. ಕೆಲಸ ಹೆಚ್ಚಾಗಿ ಯೋಜನೆ ಲೆಕ್ಕದ್ದು: ಒಂದು ವರದಿ, ಒಂದು ಅನುದಾನ, ಹನ್ನೊಂದು ತಿಂಗಳೋ ಎರಡು ವರ್ಷವೋ. ಅನುದಾನ ಮುಗಿದರೆ ಮುಂದಿನದಕ್ಕೆ ಪ್ರಸ್ತಾವ ಬರೆಯುವುದೂ ನಿಮ್ಮದೇ ಕೆಲಸ.

ಇಲ್ಲಿ ಓದುಗ ಒಬ್ಬ ಅಧಿಕಾರಿ, ಶಾಸಕ, ಪತ್ರಕರ್ತ. ಅವರಿಗೆ ಸೆಕ್ಷನ್ ಸಂಖ್ಯೆಗಿಂತ ಅಂಕಿ ಮುಖ್ಯ. ಅಂಕಿಯಲ್ಲಿ ಎಡವುವ ಜಾಗ ಮೂರು. ಬಜೆಟ್ ಪುಸ್ತಕದಲ್ಲಿ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಎಂದು ಮೂರು ಕಾಲಂ ಇರುತ್ತವೆ. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ವಾಸ್ತವದೊಂದಿಗೆ ಹೋಲಿಸಿ ‘ಶೇ 20 ಬೆಳವಣಿಗೆ’ ಎಂದು ಬರೆಯುವುದು ಮೊದಲ ತಪ್ಪು. ಎರಡನೆಯದು ಬಾಯನ್ಸಿಗೂ ಎಲಾಸ್ಟಿಸಿಟಿಗೂ ಗೊಂದಲ. ಆರ್ಥಿಕತೆಯ ಒಟ್ಟು ಆದಾಯ ಶೇ 10 ಬೆಳೆದು ತೆರಿಗೆ ಸಂಗ್ರಹ ಶೇ 12 ಬೆಳೆದರೆ ಬಾಯನ್ಸಿ 1.2, ಅದರಲ್ಲಿ ದರ ಏರಿಸಿದ್ದರಿಂದ ಬಂದ ಪಾಲನ್ನು ತೆಗೆದ ಮೇಲೆ ಉಳಿಯುವುದು ಎಲಾಸ್ಟಿಸಿಟಿ. ಮೂರನೆಯದು ಕರ್ನಾಟಕದಲ್ಲಿ ದಿನವೂ ಆಗುವ ತಪ್ಪು. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ರಾಜ್ಯದ ಪಾಲು ಶೇ 4.713 ಇದ್ದದ್ದು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಇದು ಕೇಂದ್ರದ ಒಟ್ಟು ತೆರಿಗೆಯಲ್ಲಿನ ಪಾಲಲ್ಲ. ರಾಜ್ಯಗಳಿಗೆಲ್ಲ ಸೇರಿ ಹಂಚುವ ಭಾಗದಲ್ಲಿನ ಪಾಲು, ಆ ಭಾಗ ಕೂಡ ಶೇ 42ರಿಂದ ಶೇ 41ಕ್ಕೆ ಬಂದಿತ್ತು. ಹಂಚಬೇಕಾದ ಮೊತ್ತದೊಳಗೆ ಸೆಸ್, ಸರ್‌ಚಾರ್ಜ್ ಸೇರುವುದೇ ಇಲ್ಲ. ಕನ್ನಡ ನಾಡಿನ ಹಣದ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಬೇಕೆನ್ನುವವರು ಈ ಮೂರು ಮೆಟ್ಟಿಲನ್ನು ಸರಿಯಾಗಿ ಇಳಿದು ತೋರಿಸಬೇಕು, ಆಗ ಎದುರಾಳಿಗೆ ಹಿಡಿಯಲು ಎಳೆ ಸಿಗುವುದಿಲ್ಲ.

ಅರ್ಥಶಾಸ್ತ್ರದಿಂದ ಬಂದವರು ಕಾಯ್ದೆಯ ಮೂಲಪಾಠ ಓದುವುದಿಲ್ಲ, ಕಾನೂನಿನಿಂದ ಬಂದವರು ಕೋಷ್ಟಕ ಓದುವುದಿಲ್ಲ. ಎರಡನ್ನೂ ಓದುವ ಒಬ್ಬರು ಸಂಸ್ಥೆಯಲ್ಲಿದ್ದರೆ ಉಳಿದವರೆಲ್ಲ ಅವರ ಮೇಜಿಗೆ ಬರುತ್ತಾರೆ.

2025ರ ಆದಾಯ ತೆರಿಗೆ ಕಾಯ್ದೆ ಯಾರಿಗೆ ಏನು ಮಾಡುತ್ತದೆ

1961ರ ಕಾಯ್ದೆಯ ಜಾಗಕ್ಕೆ ಬಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಒಟ್ಟು 536 ಸೆಕ್ಷನ್, 23 ಅಧ್ಯಾಯ, 16 ಅನುಸೂಚಿ. ‘ಹಿಂದಿನ ವರ್ಷ’, ‘ಅಸೆಸ್‌ಮೆಂಟ್ ವರ್ಷ’ ಎಂಬ ಜೋಡಿ ಹೋಗಿ ‘ತೆರಿಗೆ ವರ್ಷ’ ಬಂತು. ಉಳಿತಾಯಕ್ಕೆ ಕಳೆತ ಕೊಡುವ 80ಸಿ ಈಗ 123. ಸಂಬಳದ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) 192ರಿಂದ 392ಕ್ಕೆ ಹೋಯಿತು, ಉಳಿದ ಟಿಡಿಎಸ್ ಎಲ್ಲ 393ರ ಕೋಷ್ಟಕಗಳೊಳಗೆ ಕೂತಿತು. ಹೊಸಬರಿಗೆ ಇದು ಅಪರೂಪದ ಅವಕಾಶ. ಮೂವತ್ತು ವರ್ಷ ಅನುಭವದ ಹಿರಿಯರಿಗೆ ಬಾಯಿಪಾಠವಿದ್ದ ಸಂಖ್ಯೆಗಳನ್ನು ಅವರೂ ಈಗ ಹುಡುಕಿ ಓದಬೇಕು. ಹಾಗೆಂದು ಹಳೆಯ ಕಾಯ್ದೆ ಬೇಡವಾಯಿತೆಂದಲ್ಲ. ಹಿಂದಿನ ವರ್ಷಗಳ ರೀಅಸೆಸ್‌ಮೆಂಟ್ (ತೆರಿಗೆ ಲೆಕ್ಕವನ್ನು ಮತ್ತೆ ತೆರೆಯುವುದು), ಮೇಲ್ಮನವಿ ಎಲ್ಲ ಅದರಡಿಯಲ್ಲೇ ವರ್ಷಗಟ್ಟಲೆ ನಡೆಯುತ್ತವೆ. ಕೋಚಿಂಗ್‌ನವರು ಹೊಸದರ ಕಡೆಗೆ ಬೇಗ ದಾಟಿಬಿಡಬಹುದು. ಕಾನೂನು ಕಾಲೇಜಿನವರು, ವಕೀಲರಿಗಾಗಿ ಬರೆಯುವವರು ಎರಡನ್ನೂ ಕೈಯಲ್ಲಿ ಹಿಡಿದಿರಬೇಕು. ಹಳೆ–ಹೊಸ ಸಂಖ್ಯೆಗಳ ಕೋಷ್ಟಕ ಮಾಡುವಾಗ ಮೂರನೇ ಕಾಲಂ ಬೇಕೇ ಬೇಕು: ಪದ ಎಲ್ಲಿ ಬದಲಾಗಿದೆ. ಭಾಷೆ ಸರಳಗೊಳಿಸಿದಲ್ಲೆಲ್ಲ ಹಳೆಯ ತೀರ್ಪು ಇನ್ನೂ ನಿಲ್ಲುತ್ತದೆಯೇ ಎಂಬ ಪ್ರಶ್ನೆ ಹುಟ್ಟಿಕೊಳ್ಳುತ್ತದೆ. ‘ಆರ್’, ‘ಆ್ಯಂಡ್’ ಕಥೆ ನೋಡಿದವರಿಗೆ ಅದರ ತೂಕ ಗೊತ್ತು.

ಕನ್ನಡದಲ್ಲಿ ಬರೆಯುವವರಿಗೆ

ಪತ್ರಿಕೆಗೆ ಬರೆಯುವುದು ಮೇಲಿನ ಯಾವ ದಾರಿಯ ಜೊತೆಗೂ ಹೋಗುತ್ತದೆ, ಒಂಟಿಯಾಗಿ ಹೊಟ್ಟೆ ತುಂಬಿಸುವುದಿಲ್ಲ. ಆದರೆ ಓದುಗರಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಮೊದಲು ಸರಿಪಡಿಸಬೇಕಾದದ್ದು ಪದ. ಎಕ್ಸೆಂಪ್ಷನ್, ಡಿಡಕ್ಷನ್, ರಿಬೇಟ್ ಮೂರನ್ನೂ ‘ವಿನಾಯಿತಿ’ ಎಂದು ಬರೆದುಬಿಡುವ ರೂಢಿ ಇದೆ. ಎಕ್ಸೆಂಪ್ಷನ್ ಎಂದರೆ ಆ ಮೊತ್ತ ಆದಾಯದ ಲೆಕ್ಕಕ್ಕೇ ಬರುವುದಿಲ್ಲ. ಡಿಡಕ್ಷನ್ ಎಂದರೆ ಬಂದ ಆದಾಯದಿಂದ ಕಳೆಯುವುದು. ರಿಬೇಟ್ ಎಂದರೆ ತೆರಿಗೆ ಲೆಕ್ಕವಾದ ಮೇಲೆ ತೆರಿಗೆಯಿಂದಲೇ ಕಳೆಯುವುದು. ‘12 ಲಕ್ಷದವರೆಗೆ ವಿನಾಯಿತಿ’ ಎಂಬ ಶೀರ್ಷಿಕೆ ಓದಿದ ನಿವೃತ್ತರೊಬ್ಬರು ತಮ್ಮ 15 ಲಕ್ಷದಲ್ಲಿ 12 ಹೋಗಿ 3 ಲಕ್ಷಕ್ಕೆ ಮಾತ್ರ ತೆರಿಗೆ ಎಂದು ತಿಳಿಯುತ್ತಾರೆ. ‘ವಿನಾಯಿತಿ’, ‘ಕಳೆತ’, ‘ತೆರಿಗೆ ರಿಯಾಯಿತಿ’ ಎಂದು ಮೂರಕ್ಕೆ ಮೂರು ಪದ ಇಟ್ಟುಕೊಂಡು ಬರಹದುದ್ದಕ್ಕೂ ಕಾಪಾಡಿ. ‘ಕಡಿತ’ವನ್ನು ಟಿಡಿಎಸ್‌ಗೆ ಬಿಟ್ಟುಕೊಡಿ, ಅಲ್ಲಿ ಅದು ಆಗಲೇ ಬೇರು ಬಿಟ್ಟಿದೆ.

ಪುಸ್ತಕ ಬರೆಯುವವರಿಗೆ ಕೃತಿಸ್ವಾಮ್ಯದ ವಿಚಾರ ಗೊತ್ತಿರಬೇಕು. ಕಾಯ್ದೆಯ ಪಾಠವನ್ನು ನಿಮ್ಮ ವ್ಯಾಖ್ಯಾನದೊಂದಿಗೆ ಅಚ್ಚು ಹಾಕಬಹುದು. ತೀರ್ಪಿನ ಮೂಲಪಾಠವನ್ನೂ ಬಳಸಬಹುದು. ಆದರೆ ಲಾ ರಿಪೋರ್ಟ್‌ಗಳ ಪ್ರಕಾಶಕರು ತಾವೇ ಬರೆದ ತಲೆಬರಹ ಟಿಪ್ಪಣಿ, ತಾವೇ ಮಾಡಿದ ಪ್ಯಾರಾ ವಿಂಗಡಣೆ ಅವರದ್ದು ಎಂದು 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪನ್ನು ಕೋರ್ಟಿನ ಜಾಲತಾಣದಿಂದಲೇ ತೆಗೆದುಕೊಂಡು ಸಾರಾಂಶವನ್ನು ನೀವೇ ಬರೆಯಿರಿ. ಪಿಎಚ್‌ಡಿ ಪ್ರಬಂಧದಲ್ಲಿ ಶೇ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ತೊಂದರೆ. ಕಾನೂನಿನ ಪಾಠವನ್ನು ಆ ಲೆಕ್ಕದಿಂದ ಹೊರಗಿಡಬೇಕೆಂದು ಯುಜಿಸಿಯ 2018ರ ನಿಯಮವೇ ಹೇಳುತ್ತದೆ. ತಂತ್ರಾಂಶ ತಾನಾಗಿ ಬಿಡುವುದಿಲ್ಲ, ಗ್ರಂಥಾಲಯದವರಿಗೆ ಹೇಳಿ ಬಿಡಿಸಬೇಕು. ಗೌರವಧನದ ವಿಷಯದಲ್ಲೂ ಒಂದು ಮಾತು: ಲೇಖಕರ ರಾಯಲ್ಟಿಗೆ 3 ಲಕ್ಷದವರೆಗೆ ಕಳೆತ ಕೊಡುತ್ತಿದ್ದ 80ಕ್ಯೂಕ್ಯೂಬಿಯಲ್ಲಿ ವ್ಯಾಖ್ಯಾನ ಗ್ರಂಥ, ಗೈಡು, ನಿಯತಕಾಲಿಕಗಳನ್ನು ಹೊರಗಿಟ್ಟಿದ್ದಾರೆ. ಹೊಸ ಪದ್ಧತಿ ಆರಿಸಿಕೊಂಡವರಿಗಂತೂ ಅದು ಇಲ್ಲವೇ ಇಲ್ಲ.

ಒಂದು ದಾರಿಯಿಂದ ಇನ್ನೊಂದಕ್ಕೆ

ಬಾಗಿಲುಗಳು ಎರಡೂ ಕಡೆಗೆ ಒಂದೇ ರೀತಿ ತೆರೆಯುವುದಿಲ್ಲ. ವಕೀಲಿಕೆ, ಸಿಎ ಪ್ರಾಕ್ಟೀಸಿನಿಂದ ಅತಿಥಿ ಬೋಧನೆಗೆ ಬರುವುದು ಸುಲಭ. ಹತ್ತು ವರ್ಷ ಪೂರ್ಣಾವಧಿ ಕಲಿಸಿ ನಲವತ್ತಕ್ಕೆ ಪ್ರಾಕ್ಟೀಸ್ ಶುರು ಮಾಡುವುದು ಕಷ್ಟ, ಕಕ್ಷಿದಾರರು ಕಟ್ಟಿಕೊಂಡಿರುವುದಿಲ್ಲ. ಕಾಮರ್ಸ್‌ನಿಂದ ಸಿಎ ಕೋಚಿಂಗ್‌ಗೆ ಹೋದವರಿದ್ದಾರೆ. ಕೋಚಿಂಗ್‌ನ ಆದಾಯ ರೂಢಿಯಾದ ಮೇಲೆ ಕಾಲೇಜಿಗೆ ಮರಳುವವರು ವಿರಳ. ಪ್ರಾಧ್ಯಾಪಕರು ನೀತಿ ಸಂಸ್ಥೆಗೆ ಒಂದೆರಡು ವರ್ಷ ಹೋಗಿ ಬರಬಹುದು. ನೀತಿ ಸಂಸ್ಥೆಯಲ್ಲಿ ವರದಿ ಬರೆದುಕೊಂಡೇ ಉಳಿದವರಿಗೆ ನೆಟ್, ಪಿಎಚ್‌ಡಿ ಇಲ್ಲದಿದ್ದರೆ ವಿಶ್ವವಿದ್ಯಾಲಯ ಮುಚ್ಚಿದ ಬಾಗಿಲು. ನಿಮ್ಮ ಮನಸ್ಸು ಇನ್ನೂ ಗಟ್ಟಿಯಾಗಿಲ್ಲವಾದರೆ ನೆಟ್ ಒಂದನ್ನು ಇಪ್ಪತ್ತೆಂಟರೊಳಗೆ ಮುಗಿಸಿಡಿ. ಅದರ ಪ್ರಮಾಣಪತ್ರಕ್ಕೆ ಅವಧಿ ಮಿತಿ ಇಲ್ಲ.

ಅದಕ್ಕೂ ಮೊದಲು ಒಂದು ತಿಂಗಳ ಪ್ರಯೋಗ ಮಾಡಿ ನೋಡಬಹುದು. ಇತ್ತೀಚಿನ ಹಣಕಾಸು ಮಸೂದೆಯ ಒಂದೇ ಖಂಡ ಆರಿಸಿ, ಜೊತೆಗೆ ಬರುವ ವಿವರಣಾ ಪತ್ರದಲ್ಲಿ ಅದರ ಬಗ್ಗೆ ಇರುವುದನ್ನು ಓದಿಕೊಳ್ಳಿ. ಮೊದಲ ವಾರ ಅದರ ಮೇಲೆ 1,500 ಪದದ ಕಾನೂನು ಟಿಪ್ಪಣಿ: ಹಳೆಯ ಪಾಠ, ಹೊಸ ಪಾಠ, ಅದಕ್ಕೆ ಕಾರಣವಾದ ತೀರ್ಪು. ಎರಡನೇ ವಾರ ಅದೇ ಖಂಡಕ್ಕೆ ಮೂರು ಲೆಕ್ಕ, ಪೂರ್ತಿ ಉತ್ತರ ಸಹಿತ. ಮಿತಿಯ ಒಳಗೆ ಒಂದು, ಹೊರಗೆ ಒಂದು, ಸರಿಯಾಗಿ ಮಿತಿಯ ಮೇಲೆ ಒಂದು. ಮೂರನೇ ವಾರ ಎರಡು ಪುಟದ ನೀತಿ ಟಿಪ್ಪಣಿ: ಯಾರಿಗೆ ಹೊರೆ, ಬೊಕ್ಕಸಕ್ಕೆ ಎಷ್ಟು, ಆ ಅಂಕಿ ಯಾವ ಬಜೆಟ್ ದಾಖಲೆಯ ಯಾವ ಕಾಲಂನಿಂದ ಬಂತು. ನಾಲ್ಕನೇ ವಾರ ಕನ್ನಡದಲ್ಲಿ 600 ಪದ, ತೆರಿಗೆ ಗೊತ್ತಿಲ್ಲದ ಮನೆಯವರೊಬ್ಬರಿಗೆ ಓದಲು ಕೊಡುವಂಥದ್ದು. ಅವರು ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದರೋ ಆ ಸಾಲಿಗೆ ಗುರುತು ಹಾಕಿಡಿ. ಆ ಮಸೂದೆ ಕಾಯ್ದೆಯಾಗುವಾಗ ಖಂಡಕ್ಕೆ ತಿದ್ದುಪಡಿ ಬಂದಿದ್ದರೆ ನಾಲ್ಕೂ ಬರಹವನ್ನು ಮತ್ತೆ ತೆಗೆದು ತಿದ್ದಿ. ನಾಲ್ಕರಲ್ಲಿ ಮೊದಲು ಕೈ ಹೋದದ್ದು ಯಾವುದಕ್ಕೆ, ಮುಂದೂಡುತ್ತಾ ಉಳಿದದ್ದು ಯಾವುದು ಎಂದು ದಿನಾಂಕ ಸಹಿತ ಬರೆದಿಟ್ಟುಕೊಂಡು ಆಮೇಲೆ ಎಲ್‌ಎಲ್‌ಎಂ, ಎಂ.ಕಾಂ ಅಥವಾ ಅರ್ಥಶಾಸ್ತ್ರ ಎಂ.ಎ ಅರ್ಜಿ ತುಂಬಿ.